ಹೊಣೆ ಯಾರದು? ಯೆಹೆಜ್ಕೇಲನ ಪ್ರವಾದನೆ ಮತ್ತು ಜನ್ನನ ಕರ್ಮವಿಚಾರ

‘ಕರ್ಮ’ ಎಂಬ ಪದಕ್ಕೆ ಕನ್ನಡದ ದಿನಬಳಕೆಯಲ್ಲಿ ಒದಗಿದಂಥ ಅರ್ಥಸಂಕೋಚ ಶಾಸ್ತ್ರದ ಇತರ ಪದಗಳಿಗೆ ಒದಗಿರುವುದು ವಿರಳ. ‘ಅವರ ಕರ್ಮ’, ‘ನಮ್ಮ ಕರ್ಮ’, ‘ಕರ್ಮ ಯಾರನ್ನು ಬಿಟ್ಟಿದೆ’ ಎಂಬ ಮಾತುಗಳಲ್ಲಿ ಅದು ವಿಧಿ, ಹಣೆಬರಹ, ಗ್ರಹಚಾರಗಳಿಗೆ ಪರ್ಯಾಯವಾಗಿ ನಿಂತುಬಿಟ್ಟಿದೆ. ಮಾಡುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದವನ್ನು ನಾವು ಏನೂ ಮಾಡಲಾಗದ ಸ್ಥಿತಿಗೆ ಬಳಸುತ್ತಿದ್ದೇವೆ. ಆಡುಮಾತಿನ ಈ ಬಳಕೆ ಆಡುಮಾತಿನಲ್ಲಿಯೇ ಉಳಿದಿದ್ದರೆ ಹೆಚ್ಚು ಚಿಂತಿಸಬೇಕಾಗಿರಲಿಲ್ಲ. ಅದು ಕಾವ್ಯದ ಓದಿಗೂ ಹರಿದುಬಂದಿದೆ. ಜನ್ನನ ಯಶೋಧರ ಚರಿತೆಯು ವಿಧಿಯ ಕ್ರೌರ್ಯವನ್ನು ಚಿತ್ರಿಸುವ ಕಾವ್ಯ, ವಡ್ಡಾರಾಧನೆಯ ಕಥೆಗಳು ಪೂರ್ವನಿಶ್ಚಿತ ಭವಾವಳಿಗಳ ಸರಪಳಿ ಎಂಬ ಸಿದ್ಧವಾಕ್ಯಗಳು ತರಗತಿಯ ಟಿಪ್ಪಣಿಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ, ಒಮ್ಮೊಮ್ಮೆ ಸಂಶೋಧನ ಪ್ರಬಂಧಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ.

ಈ ಓದು ಜೈನ ಕಾವ್ಯಗಳ ಕೇಂದ್ರವನ್ನೇ ತಪ್ಪಿಸಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಜೈನ ಕರ್ಮವಿಚಾರವು ಹೊಣೆಗಾರಿಕೆಯ ವಿಚಾರ. ಅದನ್ನು ಸ್ಪಷ್ಟಪಡಿಸಿಕೊಳ್ಳಲು ನಮ್ಮ ಪರಂಪರೆಯ ಹೊರಗಿನ ಒಂದು ನಿದರ್ಶನ ಸಹಾಯಕ್ಕೆ ಬರುತ್ತದೆ. ಕ್ರಿಸ್ತಪೂರ್ವ 8ರಿಂದ 6ನೆಯ ಶತಮಾನದ ಅವಧಿಯಲ್ಲಿ ಹೀಬ್ರೂ ಪ್ರವಾದಿಗಳು ಇದೇ ಪ್ರಶ್ನೆಯನ್ನು ಎದುರಿಸಿದರು: ಅನುಭವಿಸುತ್ತಿರುವ ದುಃಖಕ್ಕೆ ಹೊಣೆ ಯಾರು? ಮಾಡಿದವನೇ, ಅವನ ತಂದೆಯೇ, ಕುಲವೇ, ದೇವರೇ?

ಈ ಹೋಲಿಕೆಗೆ ಬಳ್ಳಾರಿ ಸೀಮೆಯಲ್ಲಿಯೇ ಒಂದು ಚಾರಿತ್ರಿಕ ನೆಲೆಯಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ಕೋಗಳಿ-500 ಎಂಬ ನಾಡಿನ ಕೇಂದ್ರವಾಗಿದ್ದು, ಹೆಸರಾಂತ ಜಿನಾಲಯವನ್ನು ಹೊಂದಿದ್ದ ಊರು. ಅದೇ ಸೀಮೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿ, 1831ರ ಹೊತ್ತಿಗೆ ಇಡೀ ಗ್ರಂಥದ ಅನುವಾದವು ಅಚ್ಚಾಗಿ ಹೊರಬಂದಿತು. ಹೀಬ್ರೂ ಪ್ರವಾದಿಗಳ ಮಾತು ಕನ್ನಡಕ್ಕೆ ಬರುವಾಗ ಅದಕ್ಕೆ ಬೇಕಾದ ಪಾಪ, ನೀತಿ, ನ್ಯಾಯ, ಧರ್ಮ ಎಂಬ ಪದಗಳನ್ನು ಜೈನರೂ ಶರಣರೂ ದಾಸರೂ ಶತಮಾನಗಳಿಂದ ಬಳಸಿ ಹದಗೊಳಿಸಿದ್ದರು. ಆದ್ದರಿಂದ ಎರಡು ಪರಂಪರೆಗಳ ವಿಚಾರಗಳನ್ನು ಕನ್ನಡದ ಓದುಗ ಒಂದೇ ಪದಕೋಶದ ಮೂಲಕ ಎದುರಾಗುತ್ತಾನೆ. ಪದ ಒಂದೇ ಆದರೂ ಅದರ ಹಿಂದಿನ ತತ್ತ್ವ ಒಂದೇ ಅಲ್ಲ ಎಂಬುದನ್ನೂ ಅವನು ಗಮನದಲ್ಲಿಟ್ಟುಕೊಳ್ಳಬೇಕು.

ಸೆರೆಯಲ್ಲಿದ್ದವರ ಗಾದೆ

ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಗಣ್ಯರನ್ನೂ ಸೆರೆಹಿಡಿದು ತನ್ನ ನಾಡಿಗೆ ಒಯ್ದನು. ಹಾಗೆ ಗಡೀಪಾರಾಗಿ, ಕೆಬಾರ್ ಎಂಬ ಕಾಲುವೆಯ ಬಳಿ ನೆಲೆಗೊಂಡ ಜನರ ನಡುವೆ ಪ್ರವಾದನೆ ಮಾಡಿದವನು ಯಾಜಕ ಕುಲದ ಯೆಹೆಜ್ಕೇಲ. ಆ ಜನರಲ್ಲಿ ಒಂದು ಗಾದೆ ಬಳಕೆಯಲ್ಲಿತ್ತು. ಹುಳಿ ದ್ರಾಕ್ಷಿಯನ್ನು ತಿಂದವರು ಹಿರಿಯರು, ಹಲ್ಲು ಚಳಿತದ್ದು ಮಕ್ಕಳಿಗೆ ಎಂಬುದು ಅದರ ತಾತ್ಪರ್ಯ. ಯೆಹೂದದ ಪತನಕ್ಕೆ ಹಿಂದಿನ ಅರಸ ಮನಸ್ಸೆಯ ಪಾಪಗಳೇ ಕಾರಣ ಎಂಬ ವಿವರಣೆಯು ಅರಸುಗಳ ಎರಡನೆಯ ಪುಸ್ತಕದಲ್ಲಿ ಇದೆ. ತಂದೆಯ ಪಾಪವನ್ನು ಮೂರು ನಾಲ್ಕು ತಲೆಮಾರುಗಳವರೆಗೆ ದೇವರು ವಿಚಾರಿಸುತ್ತಾನೆ ಎಂಬ ಮಾತು ವಿಮೋಚನಕಾಂಡದ ದಶಾಜ್ಞೆಗಳ ಭಾಗದಲ್ಲಿಯೇ ಬರುತ್ತದೆ. ಎಂದರೆ ಆ ಗಾದೆಗೆ ಅವರ ಶಾಸ್ತ್ರದ ಬೆಂಬಲವೂ ಇತ್ತು.

ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯವು ಈ ಗಾದೆಯನ್ನು ನೇರವಾಗಿ ನಿರಾಕರಿಸುತ್ತದೆ. ಅಲ್ಲಿ ಅವನು ಮೂರು ತಲೆಮಾರುಗಳ ಒಂದು ನಿದರ್ಶನವನ್ನು ಮುಂದಿಡುತ್ತಾನೆ. ನೀತಿವಂತನಾದ ತಂದೆ, ಅವನಿಗೆ ಹಿಂಸೆಯಲ್ಲಿ ತೊಡಗಿದ ಮಗ, ಆ ಮಗನಿಗೆ ತಂದೆಯ ದಾರಿಯನ್ನು ಕಂಡು ಅದನ್ನು ತೊರೆದ ಮಗ. ತಂದೆಯ ನೀತಿ ಮಗನನ್ನು ಉಳಿಸದು, ಮಗನ ಪಾಪ ಮೊಮ್ಮಗನಿಗೆ ತಗಲದು. ಪಾಪ ಮಾಡಿದ ಜೀವವೇ ಅದರ ಫಲವನ್ನು ಹೊರಬೇಕು ಎಂಬುದು ಅವನ ನಿರ್ಣಯ. ಯೆರೆಮೀಯನಲ್ಲಿಯೂ ಇದೇ ಗಾದೆ ಬರುತ್ತದೆ, ಇದೇ ರೀತಿ ತಿರಸ್ಕೃತವಾಗುತ್ತದೆ. ಮಕ್ಕಳ ಅಪರಾಧಕ್ಕೆ ತಂದೆಗೂ ತಂದೆಯ ಅಪರಾಧಕ್ಕೆ ಮಕ್ಕಳಿಗೂ ಮರಣದಂಡನೆ ಸಲ್ಲದೆಂಬ ವಿಧಿ ಧರ್ಮೋಪದೇಶಕಾಂಡದಲ್ಲಿ ಮನುಷ್ಯರ ನ್ಯಾಯಾಲಯಕ್ಕೆ ಅನ್ವಯಿಸಿದ್ದಿತು. ಯೆಹೆಜ್ಕೇಲನು ಆ ತತ್ತ್ವವನ್ನು ದೇವರ ನ್ಯಾಯಕ್ಕೂ ಅನ್ವಯಿಸಿದನು.

ಆ ಗಾದೆ ಸೆರೆಯಲ್ಲಿದ್ದವರಿಗೆ ಒಂದು ಸಮಾಧಾನವನ್ನೂ ಒದಗಿಸುತ್ತಿತ್ತು ಎಂಬುದನ್ನು ಗಮನಿಸಬೇಕು. ತಪ್ಪು ಹಿರಿಯರದು ಎಂದಾಗ ತಮ್ಮ ನಡತೆಯನ್ನು ಪರೀಕ್ಷಿಸಿಕೊಳ್ಳುವ ಅಗತ್ಯವಿಲ್ಲ, ಬದಲಾಗುವ ಅಗತ್ಯವೂ ಇಲ್ಲ. ಪ್ರವಾದಿಯು ಆ ಸಮಾಧಾನವನ್ನು ಕಿತ್ತುಕೊಂಡನು. ಅದರ ಜೊತೆಯಲ್ಲಿಯೇ ಭೂತಕಾಲದ ಹೊರೆಯನ್ನೂ ಇಳಿಸಿದನು. ಕೆಟ್ಟವನು ತನ್ನ ದಾರಿಯಿಂದ ತಿರುಗಿದರೆ ಬದುಕುತ್ತಾನೆ ಎಂಬ ಮಾತು ಆ ಅಧ್ಯಾಯದ ಉತ್ತರಾರ್ಧದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಣೆ ವ್ಯಕ್ತಿಯದು ಎಂದಾದರೆ ಬಿಡುಗಡೆಯೂ ವ್ಯಕ್ತಿಯ ಕೈಯಲ್ಲಿದೆ ಎಂಬ ತರ್ಕವಿದು. ಕರ್ಮವನ್ನು ಹಣೆಬರಹವೆಂದು ಓದುವವರು ಕೈಬಿಡುವುದು ತರ್ಕದ ಈ ಎರಡನೆಯ ಭಾಗವನ್ನೇ.

ಹಿಟ್ಟಿನ ಕೋಳಿಯ ಹೊಣೆ

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆ ನಾಲ್ಕು ಅವತಾರಗಳ ಸಣ್ಣ ಕಾವ್ಯ. ಕಥೆ ಜನ್ನನಿಗಿಂತ ಹಳೆಯದು. ಸೋಮದೇವಸೂರಿಯು 959ರಲ್ಲಿ ಸಂಸ್ಕೃತದಲ್ಲಿ ಯಶಸ್ತಿಲಕ ಚಂಪುವನ್ನೂ, ಪುಷ್ಪದಂತನು ಅಪಭ್ರಂಶದಲ್ಲಿ ಜಸಹರಚರಿಉವನ್ನೂ ಬರೆದಿದ್ದರು. ವಾದಿರಾಜನ ಸಂಸ್ಕೃತ ಕಾವ್ಯವೂ ಇತ್ತು. ಪತ್ನಿ ಅಮೃತಮತಿಯು ಮಾವುತನಲ್ಲಿ ಅನುರಕ್ತೆಯಾದುದನ್ನು ಕಂಡ ಯಶೋಧರ, ನಿಜವನ್ನು ಮರೆಸಿ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ತಾಯಿ ಚಂದ್ರಮತಿ ಶಾಂತಿಗಾಗಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವ ಒಪ್ಪಂದವಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅನಂತರ ಅಮೃತಮತಿಯ ವಿಷಪ್ರಯೋಗಕ್ಕೆ ತುತ್ತಾದ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಪಶುಜನ್ಮಗಳಲ್ಲಿ ತೊಳಲುತ್ತಾರೆ.

ಒಂದು ಹಿಟ್ಟಿನ ಬೊಂಬೆಯನ್ನು ಕತ್ತರಿಸಿದ್ದಕ್ಕೆ ಇಷ್ಟೊಂದು ಜನ್ಮಗಳ ಯಾತನೆಯೇ ಎಂಬ ಪ್ರಶ್ನೆ ಸಹಜ. ಗಿರೀಶ ಕಾರ್ನಾಡರು 1980ರಲ್ಲಿ ಹಿಟ್ಟಿನ ಹುಂಜ ನಾಟಕಕ್ಕೆ ಈ ಕಥೆಯನ್ನು ಆರಿಸಿಕೊಂಡದ್ದೂ ಇಂಥ ಪ್ರಶ್ನೆಯ ಸೆಳೆತದಿಂದಲೇ ಇರಬೇಕು. ಸಂಕಲ್ಪಹಿಂಸೆ ಎಂಬ ಪರಿಭಾಷೆ ಇದಕ್ಕೆ ಜೈನರ ಉತ್ತರ. ಕೈಯಿಂದಾದ ಕೃತ್ಯಕ್ಕಿಂತ ಮೊದಲು ಮನಸ್ಸಿನಲ್ಲಿ ಕೃತ್ಯ ನಡೆದಿರುತ್ತದೆ, ಬಂಧ ಅಲ್ಲಿಯೇ ಆರಂಭವಾಗುತ್ತದೆ. ಹೀಬ್ರೂ ಪ್ರವಾದಿಗಳ ಬಲಿವಿಮರ್ಶೆಯೂ ಈ ಜಾಗಕ್ಕೆ ಹತ್ತಿರ ಬರುತ್ತದೆ. ಯೆಶಾಯನ ಮೊದಲ ಅಧ್ಯಾಯದಲ್ಲಿ ಹೋರಿ ಟಗರುಗಳ ರಕ್ತ ತನಗೆ ಬೇಡವೆಂದು ದೇವರು ಹೇಳುತ್ತಾನೆ. ಹೋಶೇಯನು ಯಜ್ಞಕ್ಕಿಂತ ಕರುಣೆಯನ್ನು ಮುಂದಿಡುತ್ತಾನೆ. ಮೀಕನ ಆರನೆಯ ಅಧ್ಯಾಯದಲ್ಲಿ ಭಕ್ತನೊಬ್ಬನ ಪ್ರಶ್ನೆ ಏರುತ್ತ ಹೋಗುತ್ತದೆ: ಕರುಗಳನ್ನು ಕೊಡಲೇ, ಸಾವಿರಾರು ಟಗರುಗಳನ್ನು ಕೊಡಲೇ, ನನ್ನ ಪಾಪಕ್ಕಾಗಿ ಚೊಚ್ಚಲು ಮಗುವನ್ನೇ ಕೊಡಲೇ? ನ್ಯಾಯದಿಂದ ನಡೆ, ಕರುಣೆಯನ್ನು ಪ್ರೀತಿಸು, ವಿನಯದಿಂದ ಬಾಳು ಎಂಬುದು ಉತ್ತರದ ಸಾರ. ಮಾರಿದತ್ತನು ಚಂಡಮಾರಿಗೆ ನರಬಲಿ ಕೊಡಲು ಎಳೆಯ ಅಣ್ಣ-ತಂಗಿಯರನ್ನು ತರಿಸುವಲ್ಲಿ ಜನ್ನನ ಕಾವ್ಯ ಆರಂಭವಾಗುತ್ತದೆ ಎಂಬುದನ್ನು ನೆನೆದರೆ ಎರಡೂ ಕಡೆಯ ಆತಂಕ ಒಂದೇ ಎಂದು ತಿಳಿಯುತ್ತದೆ. ತನ್ನ ಹೊಣೆಯನ್ನು ಮತ್ತೊಂದು ಜೀವದ ತಲೆಗೆ ಕಟ್ಟುವುದೇ ಬಲಿ.

ಈಗ ಹಿಟ್ಟಿನ ಕೋಳಿಯ ಹೊಣೆ ಯಾರದೆಂದು ಕೇಳೋಣ. ಸೂಚಿಸಿದವಳು ತಾಯಿ, ಕತ್ತಿ ಹಿಡಿದವನು ಮಗ. ತಾಯಿಯ ಮಾತನ್ನು ಮೀರಲಾರದೆ ಮಾಡಿದೆ ಎಂದು ಮಗ ಹೇಳಬಹುದು. ನಾನು ಕೊಲ್ಲಲಿಲ್ಲ ಎಂದು ತಾಯಿ ಹೇಳಬಹುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಈ ಎರಡೂ ನೆಪಗಳಿಗೆ ಎಡೆಗೊಡುವುದಿಲ್ಲ. ಅಲ್ಲಿ ಆಸ್ರವದ ಪ್ರಭೇದಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತ; ಮನಸ್ಸು, ಮಾತು, ಕಾಯ ಎಂಬ ಮೂರು ದ್ವಾರ; ಕೃತ, ಕಾರಿತ, ಅನುಮತ ಎಂಬ ಮೂರು ವಿಧ; ನಾಲ್ಕು ಕಷಾಯಗಳು ಸೇರಿ 108 ಬಗೆಗಳಾಗುತ್ತವೆ. ತಾನೇ ಮಾಡಿದವನು, ಮಾಡಿಸಿದವನು, ಮಾಡಿದ್ದನ್ನು ಒಪ್ಪಿದವನು, ಮೂವರೂ ಹೊಣೆಗಾರರು. ಹೊಣೆಯನ್ನು ಮೂವರಲ್ಲಿ ಹಂಚಿ ಮೂರನೆಯ ಒಂದು ಪಾಲಾಗಿಸುವ ಲೆಕ್ಕ ಇದಲ್ಲ. ಒಬ್ಬೊಬ್ಬರಿಗೂ ಅವರವರ ಹೊಣೆ ಪೂರ್ಣವಾದುದು. ಚಂದ್ರಮತಿ, ಯಶೋಧರ ಇಬ್ಬರೂ ಜೊತೆಜೊತೆಯಾಗಿ, ಆದರೆ ಬೇರೆ ಬೇರೆ ಜೀವಗಳಾಗಿಯೇ ಭವಗಳನ್ನು ಕಳೆಯುವುದರ ಔಚಿತ್ಯ ಇಲ್ಲಿದೆ. ಅಪಾಯವನ್ನು ಕಂಡೂ ಕೊಂಬೂದದ ಕಾವಲುಗಾರನು ಸತ್ತವರ ರಕ್ತಕ್ಕೆ ಉತ್ತರವಾದಿ ಎಂದು ಯೆಹೆಜ್ಕೇಲನು 33ನೆಯ ಅಧ್ಯಾಯದಲ್ಲಿ ಹೇಳುವುದು ‘ಅನುಮತ’ದ ತತ್ತ್ವಕ್ಕೆ ಬಹಳ ಸಮೀಪದ್ದು.

ತಂದೆಯ ಶ್ರಾದ್ಧ, ಮಗಳ ವ್ರತ

ಯಶೋಧರನ ಮಗ ಯಶೋಮತಿ ತಂದೆಯ ಸದ್ಗತಿಗಾಗಿ ಶ್ರಾದ್ಧ ಮಾಡಿಸುತ್ತಾನೆ. ಪಶುಜನ್ಮದಲ್ಲಿರುವ ಆ ತಂದೆಯ ಮಾಂಸವೇ ಶ್ರಾದ್ಧದ ಅಡುಗೆಗೆ ಒದಗುತ್ತದೆ. ಇದನ್ನು ವೈದಿಕ ಆಚರಣೆಯ ವಿಡಂಬನೆ ಎಂದಷ್ಟೇ ಗುರುತಿಸಿ ಮುಂದೆ ಹೋಗುವುದು ರೂಢಿ. ವಿಡಂಬನೆ ಇರುವುದು ನಿಜ, ಅದರ ಕೆಳಗೆ ಒಂದು ತತ್ತ್ವವೂ ಇದೆ. ಮಗನು ಗಳಿಸಿದ ಪುಣ್ಯವನ್ನು ತಂದೆಗೆ ವರ್ಗಾಯಿಸಲು ಬರುವುದಿಲ್ಲ. ವರ್ಗಾಯಿಸಲು ಹೊರಟ ಕ್ರಿಯೆಯಲ್ಲಿ ಹಿಂಸೆಯಿದ್ದರೆ ಅದು ಮಗನ ಲೆಕ್ಕಕ್ಕೇ ಹೊಸ ಬಂಧವನ್ನು ಸೇರಿಸುತ್ತದೆ. ಯೆಹೆಜ್ಕೇಲನು ಮೂರು ತಲೆಮಾರುಗಳ ನಿದರ್ಶನದಲ್ಲಿ ನ್ಯಾಯಶಾಸ್ತ್ರದ ರೀತಿಯಲ್ಲಿ ಹೇಳಿದ್ದನ್ನು ಜನ್ನನು ಒಂದು ಊಟದ ಪಂಕ್ತಿಯಲ್ಲಿ ತೋರಿಸುತ್ತಾನೆ. ಇಲ್ಲಿಯೂ ಚಂದ್ರಮತಿ, ಯಶೋಧರ, ಯಶೋಮತಿ ಎಂಬ ಮೂರು ತಲೆಮಾರುಗಳಿವೆ. ಬಲಿಯ ವಿಚಾರ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ, ಅದರ ಫಲ ಮಾತ್ರ ಮಾಡಿದವನಿಗೇ ಮುಟ್ಟುತ್ತದೆ. ಆ ಇಳಿಯುವಿಕೆಯನ್ನು ನಿಲ್ಲಿಸುವುದು ಸಾಧ್ಯವೆಂಬುದಕ್ಕೆ ಯಶೋಮತಿಯೇ ಸಾಕ್ಷಿ. ಶಬ್ದವೇಧಿಯ ಕೌಶಲವನ್ನು ತೋರಲು ಕೋಳಿಗಳ ಜೋಡಿಯನ್ನು ಕೊಂದ ಅವನು ಸುದತ್ತಾಚಾರ್ಯರಿಂದ ತನ್ನವರ ಭವಗಳನ್ನು ಕೇಳಿ ತಪಸ್ಸಿಗೆ ಹೊರಡುತ್ತಾನೆ.

ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಬರುವ ನಾಗಶ್ರೀಯ ಪ್ರಸಂಗ ಇದಕ್ಕಿಂತಲೂ ನೇರವಾದುದು. ಮುನಿಗಳಿಂದ ಐದು ವ್ರತಗಳನ್ನು ಪಡೆದು ಬಂದ ಬಾಲೆಗೆ ತಂದೆ ನಾಗಶರ್ಮ ಅವನ್ನು ಹಿಂದಿರುಗಿಸಿ ಬರಲು ಹೇಳುತ್ತಾನೆ, ತಾನೇ ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಒಬ್ಬೊಬ್ಬ ಅಪರಾಧಿಯನ್ನು ರಾಜಭಟರು ಶಿಕ್ಷೆಗೆ ಒಯ್ಯುತ್ತಿರುವುದು ಕಾಣುತ್ತದೆ. ಒಬ್ಬ ಕೊಂದವನು, ಒಬ್ಬ ಸುಳ್ಳಾಡಿದವನು, ಒಬ್ಬ ಕದ್ದವನು, ಹೀಗೆ. ಪ್ರತಿಸಲವೂ ಮಗಳು ಕಾರಣ ಕೇಳುತ್ತಾಳೆ, ತಂದೆ ಹೇಳುತ್ತಾನೆ. ಹಾಗಾದರೆ ಇದನ್ನು ಮಾಡಬಾರದೆಂಬ ವ್ರತವನ್ನು ಹಿಂದಿರುಗಿಸಲೇ ಎಂದು ಅವಳು ಕೇಳುತ್ತಾಳೆ. ಆ ಒಂದು ಇರಲಿ ಎಂದು ತಂದೆ ಪ್ರತಿಸಲವೂ ಒಪ್ಪಬೇಕಾಗುತ್ತದೆ. ಪಿತೃವಾಕ್ಯ ಪರಿಪಾಲನೆಯನ್ನು ಕೊಂಡಾಡುವ ಸಾಹಿತ್ಯದ ನಡುವೆ, ವ್ರತ ತನ್ನದು, ಅದರ ಹೊಣೆಯೂ ತನ್ನದು, ತಂದೆಯ ಅಧಿಕಾರ ಅಲ್ಲಿಗೆ ತಲುಪದು ಎಂದು ಒಬ್ಬ ಎಳೆಯ ಹುಡುಗಿ ತರ್ಕದಿಂದ ಸ್ಥಾಪಿಸುವ ಈ ಪ್ರಸಂಗ ಹತ್ತನೆಯ ಶತಮಾನದ ಕನ್ನಡ ಗದ್ಯದಲ್ಲಿದೆ. ಇದನ್ನು ಹಣೆಬರಹದ ಸಾಹಿತ್ಯವೆಂದು ಹೇಗೆ ಕರೆಯುವುದು?

ಇದಕ್ಕೊಂದು ಆಕ್ಷೇಪವಿದೆ. ಅಮೃತಮತಿಯ ಪ್ರಸಂಗದಲ್ಲಿ ಮನ್ಮಥನ ಮಾಯೆಗೆ ವಿಧಿಯೂ ನೆರವಾಗುವುದನ್ನು ಕುರಿತ ಪ್ರಸಿದ್ಧ ಪದ್ಯವೊಂದಿದೆ; ಕಾವ್ಯವನ್ನು ವಿಧಿಯ ಕಾವ್ಯವೆಂದು ಓದುವವರು ಅದನ್ನು ಆಧಾರವಾಗಿ ಹಿಡಿಯುತ್ತಾರೆ. ಆ ಪದ್ಯ ಮನುಷ್ಯನ ದೌರ್ಬಲ್ಯವನ್ನು ಕವಿ ಎಷ್ಟು ಆಳವಾಗಿ ಬಲ್ಲ ಎಂಬುದನ್ನು ತೋರಿಸುತ್ತದೆ. ಆದರೆ ಕಥೆಯ ನಡೆಯನ್ನು ನೋಡಬೇಕು. ವಿಧಿಯ ಕೈವಾಡವೆಂದು ಕವಿ ಯಾರ ಹೊಣೆಯನ್ನೂ ಮನ್ನಾ ಮಾಡುವುದಿಲ್ಲ. ಅಮೃತಮತಿಯ ಹೊಣೆಯನ್ನೂ ಇಲ್ಲ, ಯಶೋಧರನ ಹೊಣೆಯನ್ನೂ ಇಲ್ಲ. ಒಂದು ಪದ್ಯದ ಉದ್ಗಾರವನ್ನು ಇಡೀ ಕಾವ್ಯದ ಸಿದ್ಧಾಂತವಾಗಿಸುವುದು ಓದಿನ ಶಿಸ್ತಲ್ಲ.

ನ್ಯಾಯಾಧೀಶನಿರುವ ನ್ಯಾಯ, ಇಲ್ಲದ ನ್ಯಾಯ

ಸಾಮ್ಯವನ್ನು ಹೇಳಿದ ಮೇಲೆ ಭೇದವನ್ನೂ ಹೇಳಬೇಕು. ಪ್ರವಾದಿಗಳ ಲೋಕದಲ್ಲಿ ನ್ಯಾಯಕ್ಕೆ ಒಬ್ಬ ಒಡೆಯನಿದ್ದಾನೆ. ಅವನು ಕೋಪಗೊಳ್ಳುತ್ತಾನೆ, ಮರುಗುತ್ತಾನೆ, ಕ್ಷಮಿಸುತ್ತಾನೆ. ಆದುದರಿಂದಲೇ ಅವನೊಂದಿಗೆ ವಾದಿಸಲೂ ಸಾಧ್ಯ. ದೇವರ ದಾರಿ ಸಮವಲ್ಲವೆಂದು ಜನರು ಆಕ್ಷೇಪಿಸಿದ್ದನ್ನು ಯೆಹೆಜ್ಕೇಲನೇ ದಾಖಲಿಸುತ್ತಾನೆ. ಹಬಕ್ಕೂಕನು ದುಷ್ಟರ ಏಳಿಗೆಯನ್ನು ಕಂಡು ದೇವರನ್ನೇ ಪ್ರಶ್ನಿಸುತ್ತಾನೆ. ಜೈನದರ್ಶನದಲ್ಲಿ ಸೃಷ್ಟಿಕರ್ತನಿಲ್ಲ, ತೀರ್ಪು ಕೊಡುವವನೂ ಇಲ್ಲ. ತೀರ್ಥಂಕರರು ದಾರಿ ತೋರುತ್ತಾರೆ, ಶಿಕ್ಷಿಸುವುದಿಲ್ಲ, ಮನ್ನಿಸುವುದೂ ಇಲ್ಲ. ಕಷಾಯದಿಂದ ಕೂಡಿದ ಜೀವಕ್ಕೆ ಕರ್ಮಪುದ್ಗಲಗಳು ಅಂಟುತ್ತವೆ, ಕಾಲ ಬಂದಾಗ ಫಲ ಕೊಟ್ಟು ಉದುರುತ್ತವೆ ಅಥವಾ ತಪಸ್ಸಿನಿಂದ ನಿರ್ಜರೆ ಹೊಂದುತ್ತವೆ. ಲೋಕದ ದುಃಖಕ್ಕೂ ನ್ಯಾಯಕ್ಕೂ ಇರುವ ಸಂಬಂಧವನ್ನು ವಿವರಿಸುವ ಪ್ರಯತ್ನಗಳಲ್ಲಿ ಕರ್ಮಸಿದ್ಧಾಂತವು ತಾರ್ಕಿಕವಾಗಿ ಅತ್ಯಂತ ಪರಿಪೂರ್ಣವಾದುದೆಂದು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಭಾವಿಸಿದ್ದನು.

ಈ ಪರಿಪೂರ್ಣತೆ ನಿರ್ದಯವೆಂದು ತೋರಬಹುದು. ಕ್ಷಮಿಸುವವನಿಲ್ಲದ ಲೋಕದಲ್ಲಿ ಮರಳುವ ದಾರಿ ಇದೆಯೇ? ಪ್ರವಾದಿಗಳು ಪಶ್ಚಾತ್ತಾಪಕ್ಕೆ ಬಳಸುವ ಹೀಬ್ರೂ ಕ್ರಿಯಾಪದದ ಮೂಲಾರ್ಥ ತಿರುಗು, ಮರಳು ಎಂಬುದು. ಜೈನರ ಷಡಾವಶ್ಯಕಗಳಲ್ಲಿ ಒಂದಾದ ಪ್ರತಿಕ್ರಮಣಕ್ಕೂ ಹಿಂದಿರುಗಿ ನಡೆಯುವುದೆಂಬುದೇ ಪದಶಃ ಅರ್ಥ. ಮಾಡಿದ ದೋಷವನ್ನು ಆಲೋಚಿಸಿ, ಒಪ್ಪಿಕೊಂಡು, ಅದರಿಂದ ಹಿಂದೆ ಸರಿಯುವ ನಿತ್ಯಕ್ರಿಯೆ ಅದು. ಎರಡು ಪರಂಪರೆಗಳು ಪರಸ್ಪರ ಪರಿಚಯವಿಲ್ಲದೆ ಒಂದೇ ರೂಪಕಕ್ಕೆ ಬಂದಿವೆ. ಅಲ್ಲಿ ಮರಳುವವನನ್ನು ಎದುರುಗೊಳ್ಳಲು ಒಬ್ಬನಿದ್ದಾನೆ, ಇಲ್ಲಿ ಮರಳುವವನು ತನ್ನ ಸ್ವಭಾವದ ಕಡೆಗೇ ಮರಳುತ್ತಾನೆ. ಎರಡೂ ಕಡೆ ಮರಳುವುದು ಸಾಧ್ಯ ಎಂಬುದೇ ಮುಖ್ಯ. ಎಷ್ಟೋ ಜೀವಗಳನ್ನು ಬಲಿಕೊಟ್ಟ ಮಾರಿದತ್ತನೂ ಕೊನೆಗೆ ತಿರುಗುತ್ತಾನೆ, ಬಲಿ ಪಡೆಯುತ್ತಿದ್ದ ಚಂಡಮಾರಿಯೂ ತಿರುಗುತ್ತಾಳೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಅಭಯರುಚಿ ತನ್ನ ಕಥೆಯನ್ನು ಹೇಳುವ ಅಗತ್ಯವೇ ಇರಲಿಲ್ಲ. ಕೇಳಿದವನು ಬದಲಾಗಬಲ್ಲನೆಂಬ ನಂಬಿಕೆಯಿಂದಲೇ ಕತ್ತಿಯ ಕೆಳಗೆ ನಿಂತವನು ಕಥೆ ಹೇಳುತ್ತಾನೆ.

‘ನಿನ್ನ ಕರ್ಮ’ ಎನ್ನುವ ಅಧಿಕಾರ

ಕರ್ಮವಿಚಾರದ ಮೇಲಿರುವ ಗಂಭೀರ ಆರೋಪವನ್ನು ಈಗ ಎದುರಿಸಬೇಕು. ಪ್ರತಿಯೊಬ್ಬನೂ ತಾನು ಮಾಡಿದ್ದನ್ನೇ ಅನುಭವಿಸುವುದಾದರೆ, ನೋಯುತ್ತಿರುವವನೇ ತಪ್ಪಿತಸ್ಥ ಎಂದಾಗುವುದಿಲ್ಲವೆ? ಬಡವ, ರೋಗಿ, ದಲಿತ, ಗಂಡ ಬಿಟ್ಟವಳು, ಇವರೆಲ್ಲರ ದುಃಖಕ್ಕೆ ಅವರೇ ಕಾರಣರೆಂದು ಹೇಳಿ ಸಮಾಜ ಕೈತೊಳೆದುಕೊಂಡದ್ದು ಚರಿತ್ರೆಯಲ್ಲಿ ನಡೆದಿದೆ. ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಕಾವ್ಯಗಳು ಆ ಬಳಕೆಗೆ ಸಮ್ಮತಿ ನೀಡುತ್ತವೆಯೇ ಎಂಬುದನ್ನು ಪರಿಶೀಲಿಸಬಹುದು. ನನ್ನ ಓದಿನಲ್ಲಿ ಮೂರು ಅಂಶಗಳು ಅದಕ್ಕೆ ವಿರುದ್ಧವಾಗಿ ನಿಲ್ಲುತ್ತವೆ.

ಮೊದಲನೆಯದು ಯಾರು ಹೇಳುತ್ತಾರೆ ಎಂಬುದು. ಜೈನ ಕಥನಗಳಲ್ಲಿ ಮತ್ತೊಬ್ಬರ ಪೂರ್ವಭವವನ್ನು ಹೇಳುವವರು ಅವಧಿಜ್ಞಾನಿಗಳಾದ ಮುನಿಗಳು ಅಥವಾ ಕೇವಲಿಗಳು. ಉಳಿದವರು ಜಾತಿಸ್ಮರಣೆಯಾದಾಗ ತಮ್ಮ ಭವಗಳನ್ನು ತಾವೇ ಹೇಳಿಕೊಳ್ಳುತ್ತಾರೆ. ಅಭಯರುಚಿ ಹೇಳುವುದು ತನ್ನ ಕಥೆಯನ್ನೇ. ಸಾಮಾನ್ಯ ಮನುಷ್ಯನಿಗೆ ಪಕ್ಕದ ಮನೆಯವನ ದುಃಖವನ್ನು ಅವನ ಪೂರ್ವಕರ್ಮದಿಂದ ವಿವರಿಸುವ ಜ್ಞಾನವಿಲ್ಲ, ಆದ್ದರಿಂದ ಅಧಿಕಾರವೂ ಇಲ್ಲ. ಯೋಬನ ಗ್ರಂಥದ ಮಿತ್ರರು ಮಾಡಿದ ತಪ್ಪು ಇದೇ. ನೀನು ಪಾಪ ಮಾಡಿರಲೇಬೇಕು ಎಂದು ಅವರು ಪಂಡಿತರಂತೆ ವಾದಿಸಿದರು. ಕೊನೆಯಲ್ಲಿ ದೇವರು ಗದರಿಸಿದ್ದು ಆ ಮಿತ್ರರನ್ನೇ.

ಎರಡನೆಯದು ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬುದು. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯ ಗಾಹೆಗಳು ಸಲ್ಲೇಖನದಲ್ಲಿರುವ ಕ್ಷಪಕನಿಗೆ ಧೈರ್ಯ ತುಂಬಲು ಹೇಳಿದಂಥವು. ಆ ಪ್ರಕರಣಕ್ಕೆ ಕವಚವೆಂದೇ ಹೆಸರು. ಸುಕುಮಾರಸ್ವಾಮಿಯ ದೇಹವನ್ನು ನರಿ ತಿನ್ನುವಾಗ ಅದರ ಹಿಂದಿನ ಭವದ ಕಾರಣ ನಮಗೆ ತಿಳಿಯುತ್ತದೆ. ಆ ತಿಳಿವಳಿಕೆ ನೋಯುವವನಿಗೆ ತನ್ನ ನೋವನ್ನು ದ್ವೇಷವಿಲ್ಲದೆ ಸಹಿಸಲು ಬೇಕಾದುದು. ನೋಡುವವನಿಗೆ ಸುಮ್ಮನಿರಲು ಅದು ಅನುಮತಿಪತ್ರವಲ್ಲ.

ಮೂರನೆಯದು ನೋಯಿಸಿದವನ ಸ್ಥಿತಿ. ನಾನು ಅವನ ಕರ್ಮದ ಉಪಕರಣ ಮಾತ್ರ ಎಂದು ಹೇಳಿ ನೋಯಿಸಿದವನು ಪಾರಾಗುವಂತಿಲ್ಲ. ಕೋಳಿಗಳ ಸಾವಿಗೆ ಅವುಗಳ ಪೂರ್ವಕರ್ಮ ಕಾರಣವಾಗಿದ್ದರೂ ಯಶೋಮತಿಯ ಬಾಣ ಯಶೋಮತಿಗೇ ಹೊಸ ಬಂಧ. ಅಹಿಂಸಾಣುವ್ರತದ ಅತಿಚಾರಗಳಾಗಿ ತತ್ತ್ವಾರ್ಥಸೂತ್ರವು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಹೊರೆ ಹೇರುವುದು, ಅನ್ನ ನೀರನ್ನು ತಡೆಯುವುದು ಇವುಗಳನ್ನು ಎಣಿಸುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ಅಳತೆ ತೂಕಗಳಲ್ಲಿ ಮೋಸ, ಕಲಬೆರಕೆ ಸೇರಿವೆ. ತೆಕೋವದ ಕುರಿಗಾಹಿಯಾಗಿದ್ದ ಆಮೋಸನು ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಸಿಡಿದದ್ದೂ ಇವುಗಳ ಮೇಲೆಯೇ: ಕಿರಿದಾದ ಕೊಳಗ, ಮೋಸದ ತಕ್ಕಡಿ, ಒಂದು ಜೊತೆ ಕೆರದ ಬೆಲೆಗೆ ಬಡವನ ಮಾರಾಟ. ಆ ಬಡವನ ಪಾಪವೇನೆಂದು ಆಮೋಸನು ಹುಡುಕಲಿಲ್ಲ, ತಕ್ಕಡಿ ಹಿಡಿದವನ ಕೈಯನ್ನು ನೋಡಿದನು. ಅತಿಚಾರಗಳ ಪಟ್ಟಿಯೂ ನೋಡುವುದು ಹೊರೆ ಹೇರಿದವನನ್ನು, ಹೊತ್ತವನನ್ನಲ್ಲ.

ಆಮೋಸನಲ್ಲಿರುವ ಬೀದಿಯ ಧ್ವನಿ ನಮ್ಮ ಪುರಾಣಕವಿಗಳಲ್ಲಿ ಇಲ್ಲವೆಂಬುದನ್ನೂ ಒಪ್ಪಬೇಕು. ದಂತದ ಮಂಚಗಳ ಮೇಲೆ ಮಲಗಿದವರನ್ನು ಅವನು ಎದುರಿಗೇ ನಿಂತು ಬೈದನು. ಜೈನಕವಿಯ ದೃಷ್ಟಿ ಏಕಾಕಿ ಜೀವದ ಮೇಲೆ ನೆಲೆಸಿರುತ್ತದೆ. ಸಂತೆ, ನ್ಯಾಯಸಭೆ, ಒಡೆತನಗಳು ಅವನ ಕಾವ್ಯದಲ್ಲಿ ಹಿನ್ನೆಲೆಗೆ ಸರಿಯುತ್ತವೆ. ಕೃತ, ಕಾರಿತ, ಅನುಮತಗಳ ತತ್ತ್ವದಲ್ಲಿ ಸಮಾಜವಿಮರ್ಶೆಗೆ ಬೇಕಾದ ಸಾಮಗ್ರಿಯಿದೆ. ಅದನ್ನು ಬಳಸುವ ಕೆಲಸ ಓದುಗರಾದ ನಮಗೆ ಉಳಿದಿದೆ.

ಹರಕೆ ಹೊತ್ತವರು, ತೀರಿಸಿದವರು

ಈ ಚರ್ಚೆ ಗ್ರಂಥಸ್ಥವಾದುದೆಂದು ಯಾರೂ ಭಾವಿಸಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿ ಇತ್ತೀಚಿನವರೆಗೂ ಬೇರುಬಿಟ್ಟಿದ್ದಿತು. 1953ರವರೆಗೆ ಬಳ್ಳಾರಿಯು ಮದ್ರಾಸಿಗೆ ಸೇರಿದ್ದರಿಂದ 1947ರ ಮದ್ರಾಸ್ ದೇವದಾಸಿ ಕಾಯ್ದೆ ಇಲ್ಲಿಗೂ ಅನ್ವಯವಾಗುತ್ತಿತ್ತು. ಅನಂತರ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದಿತು. ಎರಡು ಕಾಯ್ದೆಗಳ ನಡುವಿನ 35 ವರ್ಷಗಳೇ ಆ ಪದ್ಧತಿಯ ಬಿಗಿತವನ್ನು ಹೇಳುತ್ತವೆ. ಮನೆಯಲ್ಲಿ ರೋಗ ಬಂದಿತೆಂದೋ ಗಂಡುಮಗುವಾಗಲಿಲ್ಲವೆಂದೋ ಹರಕೆ ಹೊತ್ತವರು ಹೆತ್ತವರು. ಅದನ್ನು ಬದುಕಿಡೀ ತೀರಿಸಿದವಳು ಮಗಳು. ಅವಳಿಗೆ ಹುಟ್ಟಿದ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಯಿತು. ಹಿರಿಯರು ತಿಂದ ಹುಳಿ ದ್ರಾಕ್ಷಿಗೆ ಮಕ್ಕಳ ಹಲ್ಲು ಚಳಿಯುವುದೆಂದರೆ ಇದೇ. ಇದಕ್ಕೆಲ್ಲ ಸಮಾಜ ಕೊಟ್ಟ ವಿವರಣೆ ‘ಅವಳ ಕರ್ಮ’ ಎಂಬ ಎರಡೇ ಪದ.

ಯಶೋಧರ ಚರಿತೆಯನ್ನು ಸರಿಯಾಗಿ ಓದಿದವನು ಈ ವಿವರಣೆಯನ್ನು ಒಪ್ಪಲಾರ. ಅಲ್ಲಿನ ತತ್ತ್ವದ ಪ್ರಕಾರ ಕೇಳಬೇಕಾದ ಪ್ರಶ್ನೆಗಳು ಬೇರೆ. ಮುತ್ತು ಕಟ್ಟಿದವರು ಯಾರು? ಕಟ್ಟಿಸಿದವರು ಯಾರು? ನೋಡಿ ಒಪ್ಪಿದವರು, ಲಾಭ ಪಡೆದವರು ಯಾರು? ಕೃತ, ಕಾರಿತ, ಅನುಮತಗಳ ಹೊಣೆ ಅವರದು. ಆ ಹೆಣ್ಣುಮಗುವಿನ ಪೂರ್ವಭವವನ್ನು ಹೇಳುವ ಅವಧಿಜ್ಞಾನ ಊರಿನ ಯಾರಲ್ಲಿಯೂ ಇರಲಿಲ್ಲ. ಅವರು ತಮ್ಮ ಕೈಯ ಕೆಲಸಕ್ಕೆ ಅವಳ ಕರ್ಮವೆಂದು ಹೆಸರಿಟ್ಟರು, ಅಷ್ಟೇ. ಪಾಪಪರಿಹಾರಕ್ಕೆ ಮಗುವನ್ನೇ ಕೊಡಲೇ ಎಂಬ ಮೀಕನ ಭಕ್ತನ ಪ್ರಶ್ನೆಗೆ ಅವರು ಹೌದೆಂದು ಉತ್ತರಿಸಿದ್ದರು.

ಬಲಿಯ ವಿಷಯವೂ ಹಾಗೆಯೇ. ನಮ್ಮ ರಾಜ್ಯದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ 1959ರಿಂದ ಇದೆ. ಕಾಯ್ದೆ ಕೃತ್ಯವನ್ನು ತಡೆಯಬಲ್ಲುದು, ಸಂಕಲ್ಪವನ್ನು ಮುಟ್ಟಲಾರದು. ಹಿಟ್ಟಿನ ಕೋಳಿಯನ್ನು ಕತ್ತರಿಸಿದ ಯಶೋಧರ ಯಾವ ಕಾಯ್ದೆಯ ಕೈಗೂ ಸಿಗುತ್ತಿರಲಿಲ್ಲ. ಅಲ್ಲಿಂದ ಮುಂದಿನ ಕೆಲಸ ಸಾಹಿತ್ಯದ್ದು, ಅದನ್ನು ಕಲಿಸುವವರದು.

ಯುವ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟು. ಜೈನ ಕಾವ್ಯಗಳ ಭವಾವಳಿಗಳನ್ನು ಮತ್ತೊಮ್ಮೆ ಪರಿಶೀಲಿಸುವಾಗ ಎಷ್ಟು ಜನ್ಮಗಳು ಕಳೆದವು ಎಂಬ ಲೆಕ್ಕದ ಜೊತೆಗೆ, ಪ್ರತಿ ಭವದಲ್ಲಿ ಯಾವ ಪಾತ್ರಕ್ಕೆ ತಿರುಗುವ ಅವಕಾಶ ಎಲ್ಲಿ ಬಂದಿತು, ಅದು ಅದನ್ನು ಹೇಗೆ ಬಳಸಿಕೊಂಡಿತು ಅಥವಾ ಕಳೆದುಕೊಂಡಿತು ಎಂಬುದನ್ನು ಗುರುತಿಸಬೇಕು. ಕನ್ನಡ ಬೈಬಲಿನ ಪ್ರವಾದಿಗ್ರಂಥಗಳನ್ನು ಕ್ರೈಸ್ತ ಅಧ್ಯಯನಕ್ಕೆ ಮಾತ್ರ ಬಿಟ್ಟುಕೊಡದೆ, ಪಾಪ, ನೀತಿ, ಪಶ್ಚಾತ್ತಾಪಗಳ ಪರಿಭಾಷೆಯ ದೃಷ್ಟಿಯಿಂದ ಹಳಗನ್ನಡ ಕೃತಿಗಳ ಪಕ್ಕದಲ್ಲಿಟ್ಟು ಓದಬೇಕು. ಇಂಥ ತೌಲನಿಕ ಅಧ್ಯಯನಕ್ಕೆ ಬೇಕಾದ ಎರಡೂ ಪಠ್ಯಗಳು ನಮ್ಮ ಭಾಷೆಯಲ್ಲಿಯೇ ಇವೆ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಯಶೋಧರನ ಪಾಡನ್ನು ವಿಧಿಲಿಖಿತವೆಂದು ಬರೆದಾಗ, ಕತ್ತಿ ಯಾರ ಕೈಯಲ್ಲಿತ್ತೆಂದು ಅವನನ್ನು ಕೇಳುವುದರಿಂದ ಆ ಓದನ್ನು ಆರಂಭಿಸಬಹುದು.